ತವರಿಗೆ ಹೊರಟ ಬೆಂಕಿ

ಬೆಂಕಿಯನ್ನು ಮನೆಯಿಂದಾಚೆ ತೆಗೆದುಕೊಂಡು ಹೋಗುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ನಮ್ಮ ಯಜಮಾನರು ಬೆಂಕಿಪೊಟ್ಟಣವನ್ನು ಖಾಲಿ ಹಾಲಿನ ಕವರಿನಲ್ಲಿ ಸುತ್ತಿ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾರೆ. ತೋಟದಲ್ಲಿ ನೀರು ತಿರುಗಿಸಲು ಬಗ್ಗಿದಾಗ ಅದು ಕವರಿನ ಸಮೇತ ಕಾಲುವೆಗೆ ಬೀಳುತ್ತದೆ. ಎತ್ತಿಕೊಂಡು ಬಂದು ನನ್ನ ಮೇಲೆ ರೇಗುತ್ತಾರೆ. ಮಾವನವರದು ತಲೆಗೆ ಸುತ್ತಿದ ಟವೆಲಿನ ಮಡಿಕೆ. ಬೆವರಿಗೆ ಕಡ್ಡಿ ಮೆತ್ತಗಾದರೆ ಕಿವಿಯ ಮೇಲಿನ ಒಣಗೂದಲಿಗೆ ನಾಲ್ಕು ಸಲ ಉಜ್ಜಿ ಗೀರುತ್ತಿದ್ದರು, ಚರ್ ಎಂದು ಹತ್ತಿಕೊಳ್ಳುತ್ತಿತ್ತು. ಅವರ ತಲೆಯಲ್ಲಿ ಕೂದಲು ಉಳಿದಿದ್ದದ್ದೇ ಕಿವಿಯ ಮೇಲೆ ಎನ್ನುವುದು ಬೇರೆ ಮಾತು. ಕಳೆ ಕೀಳಲು ಬರುವ ಹೆಂಗಸರು ಎಲೆಯಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಳ್ಳುತ್ತಾರೆ. ನಮ್ಮ ಅತ್ತೆ ಮಾತ್ರ ಬೆಂಕಿಪೊಟ್ಟಣವನ್ನು ಬೆಂಕಿ ಎಂದೇ ಒಪ್ಪುತ್ತಿರಲಿಲ್ಲ. ವರ್ಷಕ್ಕೊಂದು ಸಲ ಅವರು ಒಲೆಯ ಕೆಂಡವನ್ನೇ ಡಬ್ಬದಲ್ಲಿ ಹಾಕಿಕೊಂಡು ನಾಲ್ಕು ಬಸ್ಸು ಹತ್ತಿ ಇಳಿದು ಹೋಗುತ್ತಿದ್ದರು.

ಅದೊಂದು ತಗಡಿನ ಡಬ್ಬ. ಮೇಲೆ ತಂತಿಯ ಹಿಡಿ, ಮುಚ್ಚಳದಲ್ಲಿ ಮೊಳೆಯಿಂದ ಹೊಡೆದ ಮೂರು ತೂತು. ತಳಕ್ಕೆ ಎರಡು ಬೆರಳಿನಷ್ಟು ಜರಡಿ ಹಿಡಿದ ಬೂದಿ. ಅದರ ಮೇಲೆ ಚೆನ್ನಾಗಿ ಒಣಗಿದ ತೆಂಗಿನಮಟ್ಟೆಯ ತುಂಡು, ನಾರಿರುವ ಒಳಮೈ ಮೇಲಕ್ಕೆ ಬರುವ ಹಾಗೆ. ಆ ನಾರಿನ ನಡುವೆ ಹುಣಸೆ ಸೌದೆಯ ಒಂದು ಕೆಂಡ. ಜಾಲಿಯ ಕೆಂಡವೂ ಆಗುತ್ತದೆ, ಆದರೆ ಅತ್ತೆಗೆ ಹುಣಸೆಯದೇ ಆಗಬೇಕು. ಅದರ ಮೇಲೆ ಇನ್ನೊಂದು ಮಟ್ಟೆ ಕವುಚಿ, ಸುತ್ತಲೂ ಸಂದು ಬಿಡದೆ ಬೂದಿ ತುಂಬುವುದು. ಒಳಗೆ ನಾರು ಉರಿಯುವುದಿಲ್ಲ, ಸುಮ್ಮನೆ ಕೆಂಪಗೆ ಕನಲುತ್ತಾ ಹೋಗುತ್ತದೆ. ಗಾಳಿ ಜಾಸ್ತಿ ಕೊಟ್ಟರೆ ಬೇಗ ತಿಂದು ಮುಗಿಸುತ್ತದೆ, ಕಮ್ಮಿ ಕೊಟ್ಟರೆ ಉಸಿರು ಕಟ್ಟುತ್ತದೆ. ಎಷ್ಟು ಹೊತ್ತಿಗೊಮ್ಮೆ ಮುಚ್ಚಳ ತೆಗೆಯಬೇಕು ಎನ್ನುವುದು ಅತ್ತೆಯ ಮೂಗಿಗೆ ಗೊತ್ತಿತ್ತು, ಗಡಿಯಾರಕ್ಕಲ್ಲ.

ನಾನು ತುಮಕೂರಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಟೈಲರ್. ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ನಮ್ಮ ಅಂಗಡಿ. ಅಂಗಡಿಯ ಹಿಂದಿನ ಒಂದು ಕೋಣೆ, ಒಂದು ಅಡಿಗೆಮನೆ ನಮ್ಮ ಮನೆ. ನಾನು ಪಿಯುಸಿ ಓದುವಾಗ ಅಮ್ಮ ತೀರಿಕೊಂಡರು. ಅಲ್ಲಿಂದ ಅಪ್ಪ, ನಾನು, ಹೊಲಿಗೆ ಮಿಷನ್ನು, ಸೀಮೆಎಣ್ಣೆ ಸ್ಟೌವು. ಆಮೇಲೆ ಗ್ಯಾಸು ಬಂತು. ಸೌದೆ ಒಲೆಯ ಮುಂದೆ ಕೂತು ಗೊತ್ತೇ ಇಲ್ಲದ ನನ್ನನ್ನು ಗುಬ್ಬಿ ತಾಲ್ಲೂಕಿನ ಚೇಳೂರಿನ ಹತ್ತಿರದ ಒಂದು ಹಳ್ಳಿಗೆ, ಹಿರೀಮಗನ ಹೆಂಡತಿಯಾಗಿ ಕೊಟ್ಟರು. ಮದುವೆಯಾಗಿ ಹೋದ ಮೊದಲ ವಾರದಲ್ಲೇ ಅಡಿಗೆಮನೆ ತುಂಬಾ ಹೊಗೆ ಎಬ್ಬಿಸಿ, ಬೆಕ್ಕು ಸಹಿತ ಎಲ್ಲರನ್ನೂ ಜಗುಲಿಗೆ ಓಡಿಸಿದ ಕೀರ್ತಿ ನನ್ನದು.

ಆ ವರ್ಷದ ಕಾರ್ತಿಕದಲ್ಲಿ ಡಬ್ಬದ ವಿಷಯ ತಿಳಿಯಿತು. ಕಾರ್ತಿಕದ ಒಂದು ಸೋಮವಾರ ಈ ಮನೆಯವರು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗಕ್ಕೆ ಹೋಗಿ, ಬೆಟ್ಟ ಹತ್ತಿ, ಮೇಲಿರುವ ಶಿವನ ಗುಡಿಯ ಹತ್ತಿರ ಮೂರು ಕಲ್ಲು ಹೂಡಿ ಹುಗ್ಗಿ ಮಾಡಿ, ಅಲ್ಲಿದ್ದವರಿಗೆಲ್ಲ ಬಡಿಸಿ ಉಂಡು ಬರುತ್ತಾರೆ. ಇವರ ಹಿರಿಯರು ಆ ಬೆಟ್ಟದ ಬುಡದಿಂದ ಚೇಳೂರಿನ ಕಡೆಗೆ ಬಂದವರಂತೆ. ಬರುವಾಗ ಒಲೆಯ ಬೆಂಕಿಯನ್ನು ಮಟ್ಟೆಯಲ್ಲಿ ಇಟ್ಟುಕೊಂಡು ಬಂದರಂತೆ. ಅದಕ್ಕೆ ಬೆಟ್ಟದ ಮೇಲಿನ ಒಲೆಗೆ ಕಡ್ಡಿ ಗೀರುವ ಹಾಗಿಲ್ಲ, ಮನೆಯ ಕೆಂಡವೇ ಆಗಬೇಕು. ಇದೇನು ಇಷ್ಟೊಂದು ಕಷ್ಟ ಎಂದು ನಾನು ಕೇಳಿದ್ದಕ್ಕೆ ಅತ್ತೆ ಸಲೀಸಾಗಿ ಹೇಳಿದರು: “ಬೆಂಕೀನೂ ಹೆಣ್ಮಗ್ಳೇ ಕಣವ್ವ. ಅಲ್ಲಿಂದ ಕರ್ಕೊಂಡ್ ಬಂದವ್ರೆ. ವರ್ಷಕ್ಕೊಂದ್ ದಪ ತೌರು ತೋರುಸ್ಬ್ಯಾಡ್ವಾ?”

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಡಬ್ಬವನ್ನು ನಾನೇ ಹಿಡಿದುಕೊಳ್ಳುತ್ತೇನೆ ಎಂದು ಅಲ್ಲೇ ಕೈ ಚಾಚಿದೆ. ಅದನ್ನು ಹಿಡಿಯುವುದು ಹಿರೀಸೊಸೆಯ ಕೆಲಸ ಎಂದು ನಮ್ಮ ಯಜಮಾನರು ಹಿಂದಿನ ದಿನವೇ ಹೇಳಿದ್ದರು. ಅತ್ತೆ ನನ್ನ ಕೈಯನ್ನೂ ನನ್ನ ಮುಖವನ್ನೂ ನೋಡಿದರು. “ಆಮ್ಯಾಕ್ ನೋಡನ ಬುಡು” ಎಂದು ಡಬ್ಬವನ್ನು ತಮ್ಮ ಸೆರಗಿನೊಳಗೆ ಎಳೆದುಕೊಂಡರು. ಹೊಗೆ ಎಬ್ಬಿಸಿದವಳ ಕೈಗೆ ಬೆಂಕಿ ಕೊಟ್ಟಾರೆಯೇ ಎಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಮುಂದಿನ ವರ್ಷ ನೋಡಿಕೊಳ್ಳೋಣ ಎಂದುಕೊಂಡೆ.

ಆ ಮೊದಲ ಪ್ರಯಾಣ ಇವತ್ತಿಗೂ ನೆನಪಿದೆ. ಗುಬ್ಬಿ ದಾಟಿ ಸ್ವಲ್ಪ ದೂರ ಬಂದಿದ್ದೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಅತ್ತೆ ಮುಚ್ಚಳವನ್ನು ಒಂದಿಷ್ಟೇ ಸರಿಸಿ ಗಾಳಿ ಕೊಟ್ಟರು. ಕಂಡಕ್ಟರ್ ಮೂಗು ಅರಳಿಸಿದ. “ಯಾರ್ರೀ ಅದು ಬೀಡಿ ಸೇದ್ತಿರೋದು?” ಎಂದು ಹಿಂದಿನ ಸೀಟಿನವರನ್ನೆಲ್ಲ ಎಬ್ಬಿಸಿ ನಿಲ್ಲಿಸಿದ. ಅವರು ಪಾಪ, ಅವರವರ ಜೇಬು ಮುಟ್ಟಿ ತೋರಿಸಿದರು. ವಾಸನೆ ಮಾತ್ರ ಹೋಗಲಿಲ್ಲ. ಕೊನೆಗೆ ನಮ್ಮ ಸೀಟಿಗೆ ಬಂದು ಬಗ್ಗಿದ. “ಏನಮ್ಮ ಇದು ಡಬ್ಬ?”

“ಹುತ್ರಿದುರ್ಗುಕ್ ಹೊಂಟಿವ್ನಿ ಕಣಪ್ಪ. ದೇವ್ರುದು” ಎಂದರು ಅತ್ತೆ.

“ದೇವ್ರುದಾದ್ರೆ ಹೊಗೆ ಯಾಕ್ ಬರುತ್ತೆ?”

“ದೇವ್ರುತಾವ ಹೊಗೆ ಬರ್ದೆ ಇನ್ನೇನ್ ಬರ್ತೈತೆ? ನಿಮ್ಮನೇಲಿ ಸಾಂಬ್ರಾಣಿ ಹಾಕಲ್ವಾ?”

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರನೂ ನಕ್ಕ, ಆದರೆ ಬಿಡಲಿಲ್ಲ. ಡ್ರೈವರಿನ ಪಕ್ಕದ ಉದ್ದ ಸೀಟಿನ ತುದಿಯಲ್ಲಿ, ಕಿಟಕಿಯ ಹತ್ತಿರ ಕೂರಿಸಿ, ಡಬ್ಬವನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಇರಬೇಕೆಂದು ತಾಕೀತು ಮಾಡಿದ. ಕಾಲು ಚಾಚಿ ಕೂರಲು ಜಾಗ ಸಿಕ್ಕಿತೆಂದು ಅತ್ತೆಗೆ ಖುಷಿಯಾಯಿತು. ನಾನು ಹಿಂದೆ ಯಾರದೋ ಮೊಣಕೈಯಲ್ಲಿ ತಿವಿಸಿಕೊಳ್ಳುತ್ತಾ ನಿಂತು, ಮುಂದಿನ ವರ್ಷ ಆ ಸೀಟಿನಲ್ಲಿ ನಾನು ಕೂರುವುದು ಎಂದು ಅಂದುಕೊಳ್ಳುತ್ತಿದ್ದೆ.

ತುಮಕೂರಿನಲ್ಲಿ ಬಸ್ಸು ಬದಲಿಸಬೇಕು. ಕುಣಿಗಲ್ ಬಸ್ಸು ಹೊರಡುವುದಕ್ಕೆ ತಯಾರಾಗಿ ನಿಂತಿತ್ತು. ನಾನು ಹತ್ತಲು ಹೋದರೆ ಅತ್ತೆ ಬೆಂಚಿನ ಮೇಲೆ ಕೂತುಬಿಟ್ಟರು. “ಈ ಬಸ್ ಬುಟ್ಟಾಕು. ಇದುರ ಮುಂದಿಂದ್ರಲ್ಲಿ ಹೋಗನ. ನೀನ್ ಹೋಗು, ನಿಮ್ಮಪ್ಪುಂಗೆ ಮುಖ ತೋರುಸ್ಬುಟ್ಟು ಬಾ” ಎಂದರು.

ನಾನು ಹೋದೆ. ಅಪ್ಪ ಅಂಗಡಿಯ ಬಾಗಿಲಲ್ಲಿ, ಕೊರಳಿಗೆ ಟೇಪು ಹಾಕಿಕೊಂಡು ನಿಂತಿದ್ದರು. ಇವತ್ತು ಕಾರ್ತಿಕ ಸೋಮವಾರ, ಈ ದಾರಿಯಲ್ಲೇ ಹೋಗುತ್ತಾರೆ ಎಂದು ಅವರಿಗೆ ಯಾರು ಹೇಳಿದ್ದರೋ. ಹೋಟೆಲಿನಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದರು, ಡಿಕಾಕ್ಷನ್ ಇಳಿಸಿದ್ದರು. ಒಂದು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ವಾಪಸ್ಸು ಬರುವ ಹೊತ್ತಿಗೆ ಅತ್ತೆ ಅದೇ ಬೆಂಚಿನ ಮೇಲೆ, ಹಾಗೆಯೇ, ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಎರಡನೆಯ ವರ್ಷ ಒಲೆಯ ಕೆಲಸ ನನಗೆ ಚೆನ್ನಾಗಿ ಕೈಗೆ ಹತ್ತಿತ್ತು. ಕಣ್ಣು ಮುಚ್ಚಿಕೊಂಡು ಸೌದೆ ಒಟ್ಟಬಲ್ಲೆ. ಆದರೂ ಡಬ್ಬ ಕೊಡಲಿಲ್ಲ. “ಇರ್ಲಿ ಬುಡು, ನಾನೇ ಹಿಡ್ಕೊತೀನಿ.” ತುಮಕೂರು ಬಂದ ಕೂಡಲೇ “ಹೋಗ್ಬುಟ್ಟು ಬಾ ಹೋಗು.” ಆಗ ನನ್ನ ತಲೆಗೆ ಬೇರೆ ಯೋಚನೆ ಹೊಕ್ಕಿತು. ಅತ್ತೆಗೆ ನಾನು ಡಬ್ಬದ ಹತ್ತಿರ ಇರುವುದೇ ಬೇಡ, ಅದಕ್ಕೇ ದಾರಿಯಲ್ಲಿ ಒಂದು ಗಂಟೆ ಅಟ್ಟಿಬಿಡುತ್ತಾರೆ ಅಂತ. ಮನುಷ್ಯರಿಗೆ ಒಂದು ಸಲ ಅನುಮಾನ ಬಂದರೆ ಎಲ್ಲದರಲ್ಲೂ ಅದೇ ಕಾಣುತ್ತದೆ. ಕಾಮಾಲೆ ಕಣ್ಣಿಗೆ ಊರೆಲ್ಲ ಹಳದಿ.

ಮೂರನೆಯ ವರ್ಷದ ಪಾಡು ಹೇಳಿಕೊಂಡರೆ ನನಗೇ ನಾಚಿಕೆ. ಅವತ್ತು ಅಪ್ಪನ ಹತ್ತಿರ ಕೂತು ಬರುವುದು ತಡವಾಯಿತು. ಎರಡು ಬಸ್ಸು ಹೋಗಿ ಮೂರನೆಯದರಲ್ಲಿ ಹೊರಟೆವು. ಬೆಟ್ಟ ಹತ್ತುವಾಗ ಜಡಿಮಳೆ ಹಿಡಿಯಿತು. ಕೋಟೆಯ ಬಾಗಿಲುಗಳನ್ನು ದಾಟಿ, ಬಂಡೆಯಲ್ಲಿ ಕಡೆದ ಮೆಟ್ಟಿಲುಗಳ ಮೇಲೆ ಜಾರುತ್ತಾ ಮೇಲೆ ಮುಟ್ಟಿ ಡಬ್ಬ ತೆಗೆದರೆ, ಹೊಗೆಯೂ ಇಲ್ಲ, ಬಿಸಿಯೂ ಇಲ್ಲ. ಎಲ್ಲರ ಮುಖ ಸಪ್ಪಗಾಯಿತು. ನನಗೋ ಒಳಗೊಳಗೇ ಉಮೇದು. ಏಕೆಂದರೆ ನಾನು ಯಾರಿಗೂ ಹೇಳದೆ ಬ್ಯಾಗಿನಲ್ಲಿ ಅಪ್ಪನ ಮನೆಯ ಲೈಟರ್ ಇಟ್ಟುಕೊಂಡು ಬಂದಿದ್ದೆ. ಬೆಂಕಿಪೊಟ್ಟಣವಾದರೆ ಮಳೆಗೆ ನೆನೆಯುತ್ತದೆ, ಲೈಟರ್ ಆದರೆ ನೆಂದರೂ ನಡೆಯುತ್ತದೆ ಎಂದು ನನ್ನ ಬುದ್ಧಿವಂತಿಕೆ. ಅದನ್ನು ತೆಗೆದು ಸೌದೆಯ ಸಂದಿಗೆ ಹಿಡಿದು ಒತ್ತಿದೆ. ಟಕ್. ಮತ್ತೆ ಟಕ್. ಟಕ್ ಟಕ್ ಟಕ್.

ಗ್ಯಾಸ್ ಒಲೆಯ ಲೈಟರು ಅದು. ಗ್ಯಾಸ್ ಇದ್ದರೆ ತಾನೇ ಹತ್ತುವುದು? ಬರೀ ಕಿಡಿ ಹಾರಿಸುತ್ತದೆ, ಉರಿ ಎಲ್ಲಿಂದ ಬರಬೇಕು. ಮೊದಲು ನಕ್ಕವರು ಮಾವ. ಆಮೇಲೆ ಇವರು. ಆಮೇಲೆ ಗುಡಿಗೆ ಬಂದಿದ್ದ ಯಾರೋ ಗುರುತಿಲ್ಲದವರು. “ಸಿಲಿಂಡ್ರುನೂ ಹೊತ್ಕೊಂಡ್ ಬರ್ಬೇಕಾಗಿತ್ತು ಕಣೇ” ಎಂದು ಇವರು ಹೇಳಿದ್ದನ್ನು ಇವತ್ತಿಗೂ ಮರೆತಿಲ್ಲ, ಮರೆಯುವುದೂ ಇಲ್ಲ. ಅತ್ತೆ ಮಾತ್ರ ನಗಲಿಲ್ಲ. ಬೂದಿಯನ್ನು ಬೆರಳಲ್ಲಿ ಮೆಲ್ಲಗೆ ಸರಿಸಿ, ಮಟ್ಟೆಯನ್ನು ನಾರು ನಾರಾಗಿ ಬಿಡಿಸುತ್ತಾ ಹೋದರು. ಕೊನೆಯ ಪದರದಲ್ಲಿ ಸಾಸಿವೆಯಷ್ಟು ಕೆಂಪು ಇತ್ತು. ಅದಕ್ಕೆ ಉಸಿರು ತಾಗಿಸಿ ತಾಗಿಸಿ, ಒಣ ನಾರಿನ ಗುಂಜು ಕೊಟ್ಟು, ಒಲೆ ಹತ್ತಿಸಿದರು. ಹುಗ್ಗಿ ಕುದಿಯುವಾಗ ನಾನು ಆ ಕಡೆಗೆ ಮುಖ ತಿರುಗಿಸಿ ಕೂತಿದ್ದೆ. ತಡ ಮಾಡಿದವಳು ನಾನು ಎಂದು ಅತ್ತೆ ಒಂದು ಮಾತೂ ಆಡಲಿಲ್ಲ. ಅವರು ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆ ಲೈಟರಿನ ಕಥೆಯ ನಂತರ ಡಬ್ಬ ಕೇಳುವ ಬಾಯಿ ನನಗೆ ಉಳಿಯಲಿಲ್ಲ. ಕೇಳದೇ ಇದ್ದರೂ ಆಸೆ ಹೋಗುತ್ತದೆಯೇ? ಅಮ್ಮ ಇಲ್ಲದೆ ಬೆಳೆದವಳಿಗೆ ಅತ್ತೆ ಎನ್ನುವವರು ಬರೀ ಅತ್ತೆಯಲ್ಲ. ಅವರು ಆ ಡಬ್ಬವನ್ನು ಒಂದು ಸಲ ನನ್ನ ಕೈಗೆ ಕೊಟ್ಟು ‘ಹಿಡ್ಕೊ’ ಎಂದುಬಿಟ್ಟರೆ, ನಾನು ಈ ಮನೆಯವಳು ಎಂದು ಅವರೇ ಹೇಳಿದ ಹಾಗೆ ಎಂದು ನನಗೆ ಅನಿಸುತ್ತಿತ್ತು. ಮಗ ಹುಟ್ಟಿದಾಗಲೂ ನಾನು ಈ ಮನೆಯವಳು ಅನಿಸಿರಲಿಲ್ಲ. ಮಗ ಅವರ ಮೊಮ್ಮಗ, ನಾನು ಯಾರು?

ಐದನೆಯ ವರ್ಷಕ್ಕೆ ಮೈದುನನಿಗೆ ಮದುವೆಯಾಯಿತು. ವಾರಗಿತ್ತಿ ಅದೇ ಊರಿನವಳು, ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವಳ ತವರು. ಒಳ್ಳೆಯ ಹುಡುಗಿ, ಈಗಲೂ ನನಗೆ ತಂಗಿಯ ಹಾಗೇ ಇದ್ದಾಳೆ. ಆದರೆ ಆ ಕಾರ್ತಿಕದಲ್ಲಿ ಅತ್ತೆಗೆ ಮಂಡಿನೋವು ಜೋರಾಗಿತ್ತು. ಬೆಳಿಗ್ಗೆ ಹೊರಡುವ ಹೊತ್ತಿಗೆ ನಾನು ಬಾಗಿಲಲ್ಲಿ ಕೈ ಖಾಲಿ ಮಾಡಿಕೊಂಡು, ಸೀರೆ ಸೆರಗು ಸಿಕ್ಕಿಸಿಕೊಂಡು ತಯಾರಾಗಿ ನಿಂತಿದ್ದೆ. ಅತ್ತೆ ಡಬ್ಬವನ್ನು ತಂದು, ನನ್ನನ್ನು ದಾಟಿಕೊಂಡು ಹೋಗಿ, ಅವಳ ಕೈಗೆ ಕೊಟ್ಟರು.

ಹೊಟ್ಟೆ ಉರಿಯಿತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಹಿರೀಸೊಸೆ ನಾನು. ನಿನ್ನೆ ಮೊನ್ನೆ ಬಂದವಳು ಡ್ರೈವರ್ ಪಕ್ಕದ ಸೀಟಿನಲ್ಲಿ ಡಬ್ಬ ಹಿಡಿದು ಕೂತಿದ್ದಾಳೆ, ನಾನು ಹಿಂದೆ ಮಗುವಿನ ಮೂಗು ಒರೆಸುತ್ತಾ ನಿಂತಿದ್ದೇನೆ. ಇವರ ಹತ್ತಿರ ಜಗಳ ತೆಗೆದೆ. “ಒಂದ್ ಡಬ್ಬುಕ್ಕೆ ಇಷ್ಟ್ ರಂಪ ಯಾಕ್ ಮಾಡ್ತೀಯ? ನಿಂಗೊಂದ್ ಹೊಸ ಡಬ್ಬ ತಂದ್ಕೊಡ್ತೀನಿ ಬುಡು” ಎಂದರು. ಗಂಡಸರಿಗೆ ಕೆಲವು ವಿಷಯ ಹೇಳಬಾರದು, ಹೇಳಿದರೆ ಹೀಗೇ.

ಆಮೇಲಿನ ವರ್ಷಗಳಲ್ಲಿ ತುಮಕೂರಿನ ಆ ಒಂದು ಗಂಟೆ ನನಗೆ ದೂರು ಹೇಳುವ ಗಂಟೆಯಾಯಿತು. ಅಂಗಡಿಯ ಹೊಸಿಲು ದಾಟಿದ ಕೂಡಲೇ ಶುರು. ಅತ್ತೆ ಹಾಗೆಂದರು, ಹೀಗೆ ಮಾಡಿದರು, ಆ ಡಬ್ಬದಲ್ಲಿ ಏನು ಚಿನ್ನವಿದೆ ಅಂತ, ನನ್ನ ಕೈ ಏನು ಮುರಿದುಹೋಗಿದೆಯಾ ಅಂತ. ಅಪ್ಪ ಮಿಷನ್ನಿನ ಮೇಲೆ ಸ್ಕೂಲ್ ಯೂನಿಫಾರ್ಮಿನ ಬಟ್ಟೆ ಹಾಗೇ ಬಿಟ್ಟು, ಸ್ಟೂಲ್ ಎಳೆದುಕೊಂಡು ನನ್ನೆದುರು ಕೂರುತ್ತಿದ್ದರು. ನಡುನಡುವೆ ಅವರೂ ಏನೋ ಹೇಳಲು ಶುರು ಮಾಡುತ್ತಿದ್ದರು. “ಮೊನ್ನೆ ಏನಾಯ್ತು ಗೊತ್ತೇನಮ್ಮ...” ಎಂದು. ನಾನು ಕೇಳುತ್ತಿರಲಿಲ್ಲ. “ಇರಪ್ಪ, ನಾನು ಹೇಳೋದು ಮುಗೀಲಿ” ಎನ್ನುತ್ತಿದ್ದೆ. ನಾನು ಹೇಳುವುದು ಮುಗಿಯುವ ಹೊತ್ತಿಗೆ ಬಸ್ಸಿನ ಹೊತ್ತಾಗುತ್ತಿತ್ತು. “ಕಾಫಿ ಕುಡ್ಕೊಂಡ್ ಹೋಗಮ್ಮ, ಆರೋಗುತ್ತೆ” ಎಂದು ಲೋಟ ಮುಂದೆ ತಳ್ಳುತ್ತಿದ್ದರು. ಬೀದಿಯ ತಿರುವಿನವರೆಗೆ ಬಂದು ನಿಲ್ಲುತ್ತಿದ್ದರು.

ಏಳನೆಯ ವರ್ಷ ಹೊರಡುವಾಗ ಅಪ್ಪ ಒಂದೇ ಒಂದು ಮಾತು ಹೇಳಿದರು. ಅದು ನೆನಪಿದೆ, ಏಕೆಂದರೆ ಅದಕ್ಕೆ ನಾನು ಸಿಟ್ಟಾಗಿದ್ದೆ. “ನಿಮ್ಮತ್ತೆ ಒಳ್ಳೇವ್ರು ಕಣಮ್ಮ” ಎಂದರು. “ನಿಂಗೇನ್ ಗೊತ್ತು ಅವರ ವಿಷ್ಯ” ಎಂದು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಅವತ್ತು ತಿರುವಿನಲ್ಲಿ ಹಿಂತಿರುಗಿ ನೋಡಿದೆನೋ ಇಲ್ಲವೋ ಜ್ಞಾಪಕವಿಲ್ಲ.

ಅದರ ಮುಂದಿನ ಆಷಾಢದಲ್ಲಿ ಅಪ್ಪ ಹೋದರು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ಮಿಷನ್ನಿಗೆ ಎಣ್ಣೆ ಬಿಟ್ಟು, ಹಾಗೇ ಕುಸಿದರಂತೆ. ಪಕ್ಕದ ಜೆರಾಕ್ಸ್ ಅಂಗಡಿಯವರು ಫೋನ್ ಮಾಡಿದರು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಬಾಡಿಗೆ ಮನೆ, ಬಾಡಿಗೆ ಅಂಗಡಿ. ತಿಂಗಳೊಳಗೆ ಖಾಲಿ ಮಾಡಿಕೊಟ್ಟೆವು. ಮಿಷನ್ನನ್ನು ನಾನು ಊರಿಗೆ ತಂದೆ. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ, ಒಳಗಿನ ಕೋಣೆಯನ್ನು ಒಡೆದು ಒಂದೇ ಮಾಡಿದ್ದಾರೆ.

ಆ ಕಾರ್ತಿಕದಲ್ಲಿ ನಾನು ಬರುವುದಿಲ್ಲ ಎಂದೆ. ಯಾವ ಬೆಟ್ಟವೂ ಬೇಡ, ಯಾವ ಹುಗ್ಗಿಯೂ ಬೇಡವಾಗಿತ್ತು. ಅತ್ತೆ ಬಲವಂತ ಮಾಡಲಿಲ್ಲ. ಬೆಳಿಗ್ಗೆ ಬೇಗ ಎದ್ದು ಒಲೆ ಹೊತ್ತಿಸಿ, ಹುಣಸೆ ಸೌದೆ ಕೆಂಡವಾಗುವವರೆಗೆ ಮುಂದೆ ಕೂತಿದ್ದರು. ಬೂದಿ ಹಾಕಿ, ಮಟ್ಟೆ ಇಟ್ಟು, ಕೆಂಡ ಎತ್ತಿಟ್ಟು, ಮುಚ್ಚಿದರು. ಆಮೇಲೆ ನಾನು ಮಲಗಿದ್ದ ಕೋಣೆಗೆ ಬಂದು ಡಬ್ಬವನ್ನು ನನ್ನೆದುರು ಹಿಡಿದರು.

“ಏಳವ್ವ. ಇನ್ಮ್ಯಾಕೆ ಇದ್ನ ನೀನೇ ಹಿಡ್ಕೊ.”

ನಾನು ಎದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅಷ್ಟು ದುಃಖದ ನಡುವೆಯೂ ನನಗೆ ಸಂತೋಷವಾಯಿತು. ಏಳು ವರ್ಷ ಕಾದದ್ದು ಕೈಗೆ ಬಂದಿತ್ತು. ಡಬ್ಬದ ತಳ ಬೆಚ್ಚಗಿತ್ತು, ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಮುಖ ತೊಳೆದು ಸೀರೆ ಬದಲಿಸಿ ಬಂದೆ. ಅಂತೂ ನನ್ನನ್ನು ನಂಬಿದರು, ಅಂತೂ ನಾನು ಈ ಮನೆಯವಳಾದೆ ಎಂದು ಗುಬ್ಬಿಯವರೆಗೂ ಅದೇ ಯೋಚನೆ. ವಾರಗಿತ್ತಿ ಪಕ್ಕದಲ್ಲಿ ಕೂತು, ಯಾವಾಗ ಮುಚ್ಚಳ ಸರಿಸಬೇಕೆಂದು ಹೇಳಿಕೊಡುತ್ತಿದ್ದಳು.

ತುಮಕೂರು ಬಂತು. ಕುಣಿಗಲ್ ಬಸ್ಸು ನಿಂತಿತ್ತು. ನನ್ನ ಕಾಲುಗಳು ಅಭ್ಯಾಸಬಲದಿಂದ ಸ್ಟ್ಯಾಂಡಿನ ಗೇಟಿನ ಕಡೆಗೆ ಹೊರಟವು. ನಾಲ್ಕು ಹೆಜ್ಜೆ ಹೋಗಿಯೂಬಿಟ್ಟಿದ್ದೆ. ಆಮೇಲೆ ನೆನಪಾಗಿ ನಿಂತೆ. ಹಿಂದಿನಿಂದ ಯಾರೂ ‘ಹೋಗ್ಬುಟ್ಟು ಬಾ’ ಅನ್ನಲಿಲ್ಲ. ತಿರುಗಿ ನೋಡಿದರೆ ಅತ್ತೆ ಬೆಂಚಿನ ಹತ್ತಿರವೂ ಹೋಗದೆ, ಹೊರಡಲು ನಿಂತಿದ್ದ ಬಸ್ಸಿನ ಬಾಗಿಲಲ್ಲೇ ನಿಂತಿದ್ದರು.

ಹತ್ತಿ ಕೂತೆವು. ಬಸ್ಸು ಹೊರಟಿತು. ಗೂಳೂರು ದಾಟುವವರೆಗೆ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಆಮೇಲೆ, ಏನಾದರೂ ಮಾತಾಡಬೇಕಲ್ಲ ಎಂದು, ಇಷ್ಟು ವರ್ಷ ಯಾಕೆ ನನಗೆ ಇದನ್ನು ಕೊಡಲಿಲ್ಲ ಅತ್ತೆ ಎಂದು ಕೇಳಿದೆ. ದೂರಿನ ದನಿಯಲ್ಲಿ ಅಲ್ಲ, ಸುಮ್ಮನೆ ಕೇಳಿದೆ.

“ಬೆಂಕಿ ಹಿಡ್ದೋಳು ದಾರೀಲಿ ಇನ್ನೊಬ್ರ ಮನೆ ಹೊಸ್ಲು ತುಳಿಯಂಗಿಲ್ಲ ಕಣವ್ವ” ಎಂದರು ಅತ್ತೆ. “ತೌರಾದ್ರೂ ಅಷ್ಟೇಯ. ಇದ್ನ ಹಿಡ್ಕೊಂಡೋರು ಒಲೆಯಿಂದ ಒಲೆಗೇ ಹೋಗ್ಬೇಕು. ಅಲ್ಲಿ ನಿಮ್ಮಪ್ಪ ಇಡ್ಲಿ ತಂದ್ ಮಡಿಕ್ಕೊಂಡು ಕಾಯ್ತಿರೋನು. ನಿನ್ ಕೈಗೆ ಹೆಂಗ್ ಕೊಡ್ಲಿ?”

ನಾನು ವಾರಗಿತ್ತಿಯ ಕಡೆ ತಿರುಗಿ ನೋಡಿದೆ. ವಾರಗಿತ್ತಿಯ ತವರು ಎರಡು ಬೀದಿ ಆಚೆ. ದಾರಿಯಲ್ಲಿ ಅವಳಿಗೆ ಇಳಿಯಬೇಕಾದ ಮನೆ ಇರಲಿಲ್ಲ, ಅದಕ್ಕೆ ಅವಳಿಗೆ ಕೊಟ್ಟಿದ್ದರು. ಸುಗ್ಗಿಯ ಕೆಲಸ, ಮಗು, ಮನೆ ಎಂದು ನನ್ನನ್ನು ವರ್ಷದಲ್ಲಿ ಬೇರೆ ಯಾವಾಗಲೂ ತುಮಕೂರಿಗೆ ಕಳಿಸಲು ಆಗುತ್ತಿರಲಿಲ್ಲ. ಹಾಗಾಗಿ ಒಂದು ಬಸ್ಸು ಬಿಟ್ಟು, ಕೆಂಡ ಆರಿಹೋದೀತೆಂಬ ಭಯವನ್ನು ತೊಡೆಯ ಮೇಲಿಟ್ಟುಕೊಂಡು, ಮಂಡಿನೋವಿನಲ್ಲಿ ಆ ಬೆಂಚಿನ ಮೇಲೆ ಕೂತು ಅತ್ತೆ ನನಗೆ ಒಂದೊಂದು ಗಂಟೆ ಉಳಿಸಿ ಕೊಡುತ್ತಿದ್ದರು. ಆ ಗಂಟೆಗಳಲ್ಲಿ ಅಪ್ಪನ ಮುಂದೆ ಕೂತು ನಾನು ಮಾಡಿದ್ದು ಅವರ ಮೇಲೆ ಚಾಡಿ ಹೇಳಿದ್ದು.

“ಮೊದ್ಲೇ ಹೇಳ್ಬಾರ್ದಿತ್ತಾ ಅತ್ತೆ?” ಎಂದು ಕೇಳಿದ್ದು ಹೆಬ್ಬೂರು ದಾಟಿದ ಮೇಲೆ.

“ಹೇಳಿದ್ರೆ ನೀನು ಡಬ್ಬನೇ ಬೇಕು ಅಂತಿದ್ದೆ. ನಿನ್ ಬುದ್ಧಿ ನನಗ್ ಗೊತ್ತಿಲ್ವಾ?” ಎಂದರು.

ನಿಜ. ಹಾಗೇ ಅನ್ನುತ್ತಿದ್ದೆ. ಅಪ್ಪ ಎಲ್ಲಿ ಹೋಗುತ್ತಾರೆ, ಅಲ್ಲೇ ಇರುತ್ತಾರಲ್ಲ, ಈ ಸಲ ಡಬ್ಬ ಹಿಡಿಯುತ್ತೇನೆ ಎಂದುಕೊಳ್ಳುತ್ತಿದ್ದೆ. ಆ ವರ್ಷ ಬೆಟ್ಟದ ಮೇಲೆ ಕೆಂಡ ಚೆನ್ನಾಗಿ ಉಳಿದಿತ್ತು. ಒಂದೇ ಸಲಕ್ಕೆ ಒಲೆ ಹತ್ತಿತು. ಹೊಗೆ ಎಂದು ಹೇಳಿಕೊಂಡು ನಾನು ಹೊಟ್ಟೆ ತುಂಬಾ ಅತ್ತುಬಿಟ್ಟೆ.

ಅಪ್ಪ “ಮೊನ್ನೆ ಏನಾಯ್ತು ಗೊತ್ತೇನಮ್ಮ” ಎಂದು ಶುರು ಮಾಡಿದ ಮಾತುಗಳಲ್ಲಿ ಒಂದಾದರೂ ಪೂರ್ತಿ ನನಗೆ ಗೊತ್ತಿದ್ದರೆ ಎಂದು ಈಗಲೂ ಅನಿಸುತ್ತದೆ. ಮೊನ್ನೆ ಏನಾಗಿತ್ತು? ಯಾರೋ ಗಿರಾಕಿ ಅಳತೆ ತಪ್ಪು ಕೊಟ್ಟಿರಬಹುದು. ಕರೆಂಟು ಹೋಗಿ ಕತ್ತರಿ ಎಲ್ಲೋ ಬಿದ್ದಿರಬಹುದು. ಅಂಥ ಸಣ್ಣದೇ ಏನೋ ಇರುತ್ತದೆ. ಆ ಸಣ್ಣದೇ ನನಗೆ ಬೇಕು. ಹೊಲಿಗೆ ಮಿಷನ್ನು ನಮ್ಮ ಹಜಾರದಲ್ಲಿದೆ. ಸುಮ್ಮನೆ ಪೆಡಲ್ ತುಳಿಯುತ್ತಾ ಕೂರುತ್ತೇನೆ, ಬಟ್ಟೆ ಇಲ್ಲದೆ. ಹರಿದದ್ದನ್ನು ಹೊಲಿಯಿರಿ ಎಂದು ಮನೆಯವರು ತಂದು ಹಾಕುತ್ತಾರೆ.

ಅತ್ತೆ ಹೋಗಿ ಈಗ ನಾಲ್ಕು ವರ್ಷ. ಮಾವ ಅವರಿಗಿಂತ ಮುಂಚೆಯೇ ಹೋಗಿದ್ದರು. ಮನೆಗೆ ಗ್ಯಾಸು ಬಂದು ಬಹಳ ಕಾಲವಾಯಿತು, ಸೌದೆ ಉರಿಯುವುದು ಈಗ ಹಂಡೆಯ ಒಲೆಯಲ್ಲಿ ಮಾತ್ರ. ಆದರೂ ಆ ಸೋಮವಾರ ಬೆಳಿಗ್ಗೆ ಅಡಿಗೆಮನೆಯ ಮೂಲೆಯಲ್ಲಿರುವ ಹಳೆಯ ಒಲೆಯನ್ನು ಸಾರಿಸಿ ಹೊತ್ತಿಸುತ್ತೇನೆ. ಡಬ್ಬ ನಾನು ಹಿಡಿಯುತ್ತೇನೆ. ಮಗ ಕಾರು ತೆಗೆದುಕೊಂಡಿದ್ದಾನೆ, ಆದರೆ ಸೀಟು ವಾಸನೆ ಬರುತ್ತದೆ ಎಂದು ಡಬ್ಬವನ್ನು ಕಾರಿಗೆ ಹತ್ತಿಸಿಕೊಳ್ಳುವುದಿಲ್ಲ. ನನಗೂ ಅದೇ ಒಳ್ಳೆಯದಾಯಿತು. ಹೆಂಗಸರಿಗೆ ಈಗ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ. ಗಂಡಸರು ಅಕ್ಕಿ ಬೆಲ್ಲ ಪಾತ್ರೆ ಹೇರಿಕೊಂಡು ಕಾರಿನಲ್ಲಿ ಹೋಗುತ್ತಾರೆ, ನಾವು ಬೆಂಕಿ ತೆಗೆದುಕೊಂಡು ಬಸ್ಸಿನಲ್ಲಿ ಹೋಗುತ್ತೇವೆ. ತುಮಕೂರಿನ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಈಗಲೂ ನನ್ನ ಕಾಲು ಸುಮ್ಮನಿರುವುದಿಲ್ಲ. ಸ್ಟ್ಯಾಂಡು ಪೂರ್ತಿ ಬದಲಾಗಿದೆ. ಯಾವ ಗೇಟಿನಿಂದ ಹೋದರೆ ಅಪ್ಪನ ಬೀದಿ ಎನ್ನುವುದೂ ಒಂದು ಕ್ಷಣ ತಿಳಿಯುವುದಿಲ್ಲ.

ಹೋದ ವರ್ಷ ಮಗನಿಗೆ ಮದುವೆಯಾಯಿತು. ಸೊಸೆ ಕುಣಿಗಲ್ಲಿನವಳು. ಅಪ್ಪ ಅಮ್ಮ ಇಬ್ಬರೂ ಇದ್ದಾರೆ, ಕುಣಿಗಲ್ ಸ್ಟ್ಯಾಂಡಿನಿಂದ ಆಟೋ ಬೇಡ, ನಡೆದೇ ಹೋಗಬಹುದು. ಈ ಕಾರ್ತಿಕದಲ್ಲಿ ಅವಳು ಬೆಳಿಗ್ಗೆಯೇ ತಯಾರಾಗಿ, ಕೈ ಖಾಲಿ ಮಾಡಿಕೊಂಡು ಬಾಗಿಲಲ್ಲಿ ನಿಂತಿದ್ದಳು. “ಅತ್ತೆ, ನಾನ್ ಹಿಡ್ಕೊಳ್ಲಾ?” ಎಂದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿರುವ ಮುಖ. ಇರಲಿ ಬಿಡು ಎಂದೆ. ದಾರಿಯುದ್ದಕ್ಕೂ ಅವಳು ಮೊಬೈಲಿನಿಂದ ತಲೆ ಎತ್ತಲಿಲ್ಲ.

ಕುಣಿಗಲ್ಲಿನಲ್ಲಿ ಇಳಿದೆವು. ಹುತ್ರಿದುರ್ಗದ ಬಸ್ಸು ಹೊರಡುವುದಕ್ಕೆ ನಿಂತಿತ್ತು. ನಮ್ಮ ಅತ್ತೆಗೆ ಇದ್ದ ತಾಳ್ಮೆ ನನಗೆ ಇಲ್ಲ. ಏಳು ವರ್ಷ ಬಾಯಿ ಮುಚ್ಚಿಕೊಂಡು ಬೈಸಿಕೊಳ್ಳುವುದು ನನ್ನಿಂದಾಗುವ ಕೆಲಸವಲ್ಲ. ಅವಳನ್ನು ಬೆಂಚಿನ ಮೇಲೆ ಕೂರಿಸಿ, ಬೆಂಕಿ ಹಿಡಿದವಳು ದಾರಿಯಲ್ಲಿ ಯಾರ ಮನೆಗೂ ಹೋಗುವ ಹಾಗಿಲ್ಲ, ಅದಕ್ಕೇ ಕೊಡಲಿಲ್ಲ ಎಂದು ಹೇಳಿಬಿಟ್ಟೆ.

ಅವಳು ಮೊಬೈಲನ್ನು ಬ್ಯಾಗಿಗೆ ಹಾಕಿದಳು. “ಹಂಗಾದ್ರೆ ನಂಗ್ ಯಾವತ್ತೂ ಕೊಡಲ್ವಾ ಅತ್ತೆ?”

“ಕೊಡೋ ದಿನ ಬೇಗ ಬರ್ದೇ ಇರ್ಲಿ ಕಣವ್ವ” ಎಂದೆ. ಡಬ್ಬವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, “ಹೋಗು, ಅಪ್ಪ ಅಮ್ಮನ ಹತ್ರ ಕೂತ್ಕೊಂಡ್ ಬಾ. ನನ್ ಮೇಲೆ ಚಾಡಿ ಹೇಳ್ಬೇಕು ಅಂದ್ರೆ ಫೋನಲ್ಲಿ ಹೇಳ್ಕೊ. ಈಗ ಅವರು ಏನ್ ಹೇಳ್ತಾರೋ ಅದುನ್ನ ಕೇಳ್ಕೊಂಡ್ ಬಾ” ಎಂದೆ.

“ಏನ್ ಕೇಳ್ಕೊಂಡ್ ಬರ್ಲಿ?”

“ಏನಾದ್ರೂ ಸರಿ.”

ಅವಳು ನಗುತ್ತಾ ಬ್ಯಾಗು ಏರಿಸಿಕೊಂಡು ಹೋದಳು. ಬಸ್ಸಿನವನು ಬರ್ತೀರೇನಮ್ಮ ಎಂದು ಕೂಗಿದ. ಡಬ್ಬದ ಮುಚ್ಚಳವನ್ನು ಒಂದಿಷ್ಟು ಸರಿಸಿ ಗಾಳಿ ಕೊಟ್ಟು, ಇದರ ಮುಂದಿನದಕ್ಕೆ ಬರುತ್ತೇನೆ ಎಂದೆ.